ಪದ್ಮಾ ಅತ್ಯಾಳ ಅರ್ಧ ನೋಟುಗಳು

ಮೊನ್ನೆ ಒಂದು ಮಾಸಪತ್ರಿಕೆಯವರು ನನ್ನ ಬರಹಕ್ಕೆ ಇಪ್ಪತ್ತೈದು ರೂಪಾಯಿಯ ಚೆಕ್ಕು ಕಳಿಸಿದ್ದರು. ಹೀರೇಕಾಯಿ ಸಿಪ್ಪೆಯ ಚಟ್ನಿಯ ಬಗ್ಗೆ ನಾನು ಬರೆದ ಮೂರು ಪುಟಗಳಿಗೆ ಈ ಲೋಕದಲ್ಲಿ ಅಷ್ಟು ಬೆಲೆ ಇದೆಯೆಂದು ನನಗೇ ಗೊತ್ತಿರಲಿಲ್ಲ. ಚೆಕ್ಕನ್ನು ಬ್ಯಾಂಕಿಗೆ ಹಾಕಿ, ಎರಡು ವಾರ ಕಾದು, ಪಾಸ್‌ಬುಕ್ಕು ಬರೆಸಿಕೊಂಡು ನೋಡಿದರೆ ಜಮೆಯಾದದ್ದು ಇಪ್ಪತ್ತಮೂರು. ಕೌಂಟರಿನಲ್ಲಿ ಕೂತ ಹುಡುಗಿಯನ್ನು ಕೇಳಿದೆ.

"ಹೊರಗಿನ ಊರಿನ ಚೆಕ್ ಅಲ್ಲೇನ್ರಿ ಅಜ್ಜಿ? ವಸೂಲಿ ಖರ್ಚು ಬೀಳ್ತೈತಿ," ಎಂದಳು, ಮಳೆ ಬೀಳುತ್ತದೆ ಎಂಬಷ್ಟು ಸಹಜವಾಗಿ.

ಎರಡು ರೂಪಾಯಿ! ಚಟ್ನಿಯ ಒಗ್ಗರಣೆಯಷ್ಟೂ ಬ್ಯಾಂಕಿನ ಪಾಲಾಯಿತಲ್ಲ ಎಂದುಕೊಂಡೆ. ಸಿಟ್ಟು ಬರಬೇಕಾಗಿತ್ತು, ನಗು ಬಂತು. ಬ್ಯಾಂಕಿನ ನಡುಮಧ್ಯ ನಿಂತು ಅರವತ್ತು ದಾಟಿದ ಹೆಂಗಸು ಒಬ್ಬಳೇ ನಗುತ್ತಿದ್ದರೆ ಜನ ಏನೆಂದುಕೊಳ್ಳಬೇಕು? ಆ ಹುಡುಗಿ ಗಾಬರಿಯಾಗಿ ನೀರು ಬೇಕೇ ಎಂದು ಕೇಳಿದಳು. ನೀರು ಬೇಡ ತಾಯಿ, ನನಗೆ ನಮ್ಮ ಪದ್ಮಾ ಅತ್ಯಾ ನೆನಪಾದಳು ಎಂದು ಹೇಳಬಹುದಿತ್ತು. ಹಾಗೆ ಹೇಳಿದ್ದರೆ ನಿಜವಾಗಿ ನೀರು ತರಿಸುತ್ತಿದ್ದಳು.

ಅತ್ಯಾ ಎಂದರೆ ಅಪ್ಪನ ಅಕ್ಕ, ಸೋದರತ್ತೆ. ನಾವಿದ್ದದ್ದು ಬೆಳಗಾವಿಯ ಟಿಳಕವಾಡಿಯಲ್ಲಿ. ಈಗಿನ ಟಿಳಕವಾಡಿಯನ್ನು ಕಣ್ಣಮುಂದೆ ತಂದುಕೊಳ್ಳಬೇಡಿ; ಸಾವಿರದ ಒಂಬೈನೂರ ಇಪ್ಪತ್ತರ ಆಚೀಚೆಗೆ ಅಲ್ಲಿ ಮನೆಗಳಿಗಿಂತ ಖಾಲಿ ಜಾಗವೇ ಹೆಚ್ಚು. ನಮ್ಮ ಬಾಡಿಗೆ ಮನೆಯ ಕಟ್ಟೆಯ ಮೇಲೆ ಕೂತರೆ ಸ್ಟೇಶನ್ನಿಗೆ ಬರುವ ಗಾಡಿಯ ಹೊಗೆ ಕಾಣುತ್ತಿತ್ತು. ಅಪ್ಪ ಕಚೇರಿಯಲ್ಲಿ ಕಾರಕೂನ. ಮೂಗಿನ ತುದಿಗೆ ಕನ್ನಡಕ, ನಾಲಿಗೆಯ ತುದಿಗೆ ಲೆಕ್ಕ. ಪದ್ಮಾ ಅತ್ಯಾ ಇದ್ದದ್ದು ಖಾನಾಪುರದಲ್ಲಿ. ಆಕೆಯ ಹದಿನಾರನೆಯ ವಯಸ್ಸಿಗೆ ಗಂಡ ತೀರಿಕೊಂಡಿದ್ದ. ಗಂಡನ ಮನೆಯವರು ಹಿತ್ತಲ ಕಡೆಯ ಎರಡು ಕೋಣೆಗಳನ್ನೂ ವರ್ಷಕ್ಕೆ ಇಂತಿಷ್ಟು ಭತ್ತವನ್ನೂ ಬಿಟ್ಟುಕೊಟ್ಟಿದ್ದರು. ಮೇಲಿನ ಖರ್ಚಿಗೆ ಅಪ್ಪ ಎರಡು ತಿಂಗಳಿಗೊಮ್ಮೆ ಹತ್ತು ರೂಪಾಯಿ ಕಳಿಸುತ್ತಿದ್ದ.

ಇಷ್ಟು ಕೇಳಿ ಅತ್ಯಾ ಮೂಲೆಯಲ್ಲಿ ಕೂತು ಕಣ್ಣೊರೆಸಿಕೊಳ್ಳುವವಳು ಎಂದುಕೊಂಡರೆ ಕೆಟ್ಟಿರಿ. ಆಕೆ ನಮ್ಮ ಮನೆಗೆ ಬಂದಳೆಂದರೆ ಓಣಿಗೆಲ್ಲ ತಿಳಿಯುತ್ತಿತ್ತು. ಗಲ್ಲದ ಮೇಲೆ ಗುಳಿ ಬೀಳುವಂತೆ ನಗುತ್ತಿದ್ದಳು, ಎಲ್ಲರ ನಡಿಗೆಯನ್ನೂ ಅಣಕಿಸುತ್ತಿದ್ದಳು, ಬಸದಿಯಲ್ಲಿ ಸ್ತೋತ್ರ ಹೇಳುವಾಗಲೂ ಪಕ್ಕದವಳು ತಪ್ಪು ಹೇಳಿದರೆ ಮೊಣಕೈಯಿಂದ ತಿವಿಯುತ್ತಿದ್ದಳು. ಲೋಕದಲ್ಲಿ ಆಕೆ ಸೈರಿಸದೆ ಇದ್ದದ್ದು ಒಂದೇ, ಅದು ಮನಿಆರ್ಡರಿನ ಕಮಿಶನ್ನು.

ಹತ್ತು ರೂಪಾಯಿ ಕಳಿಸಲು ಟಪಾಲು ಕಚೇರಿಯವರು ಎರಡಾಣೆ ಹಿಡಿಯುತ್ತಿದ್ದರು. ಮೊದಲ ಸಲ ಅಪ್ಪ ಮನಿಆರ್ಡರು ಮಾಡಿದಾಗ ಅತ್ಯಾ ಮುಂದಿನ ಗಾಡಿಗೇ ಬೆಳಗಾವಿಗೆ ಬಂದು ಇಳಿದಳಂತೆ, ಜಗಳವಾಡಲು.

"ಅಲ್ಲೋ ತಮ್ಮಾ, ಇಡೀ ಮನಷಾಳು ನಾನು, ಗಂಟುಮೂಟಿ ಸಮೇತ ಖಾನಾಪುರದಿಂದ ಬರಾಕ ನಾಕಾಣಿ. ಅಂಗೈಯಷ್ಟು ಕಾಗದಾ ಬರಾಕ ಎರಡಾಣಿ? ಅದೇನು ಅರ್ಧಾ ಸೀಟಿನ ಮ್ಯಾಲೆ ಕುಂತು ಬರತೈತೇನು?"

"ಸರಕಾರದ ಕಾಯ್ದೆ ಅಕ್ಕಾ," ಎಂದ ಅಪ್ಪ.

"ಸರಕಾರಕ್ಕ ಅಕ್ಕ ಇಲ್ಲ, ತಮ್ಮ ಇಲ್ಲ. ನಮಗ ಅದಾರು. ಬ್ಯಾರೆ ದಾರಿ ಹುಡುಕು."

ಈ ಜಗಳಕ್ಕೆ ಬರಲು ಹೋಗಲು ಎಂಟಾಣೆ ಖರ್ಚಾಗಿತ್ತು ಎಂಬುದನ್ನು ಅಪ್ಪ ಆಗ ಹೇಳಲಿಲ್ಲ. ನಂತರ ಜೀವಮಾನವಿಡೀ ಹೇಳಿದ.

ಅಪ್ಪ ಹುಡುಕಿದ ದಾರಿ ಹೊಸದೇನಲ್ಲ, ಪೇಟೆಯ ವ್ಯಾಪಾರಿಗಳೆಲ್ಲ ನಡೆಯುತ್ತಿದ್ದ ದಾರಿ. ಹತ್ತು ರೂಪಾಯಿಯ ನೋಟನ್ನು ಕತ್ತರಿಯಿಂದ ನಡುಮಧ್ಯ ಎರಡು ತುಂಡು ಮಾಡುವುದು. ನೋಟಿನ ಎರಡು ಕಡೆಗೂ ಅದೇ ನಂಬರು ಇರುತ್ತಿತ್ತು. ಮೊದಲು ಒಂದು ಅರ್ಧ ಕಳಿಸುವುದು, ಅದು ಮುಟ್ಟಿತೆಂದು ಖಾತ್ರಿಯಾದ ಮೇಲೆ ಇನ್ನರ್ಧ. ಮುಟ್ಟಿದ ಮೇಲೆ ಹಿಂದೊಂದು ಕಾಗದದ ಪಟ್ಟಿ ಹಚ್ಚಿ ಅಂಟಿಸಿದರೆ ನೋಟು ಮತ್ತೆ ನೋಟೇ. ಅರ್ಧ ನೋಟನ್ನು ಕದ್ದವನಿಗೆ ಅದರಿಂದ ಬೀಡಿಯೂ ಸಿಗುವುದಿಲ್ಲ. ಹೀಗಾಗಿ ಯಾರ ಕೈಯಲ್ಲಾದರೂ ಕೊಡಬಹುದು. ವ್ಯಾಪಾರಿಗಳು ಟಪಾಲಿನಲ್ಲಿ ಕಳಿಸುತ್ತಿದ್ದರು, ಅತ್ಯಾಳಿಗೆ ಟಪಾಲಿನ ಖರ್ಚೂ ಬೇಡ. ಆ ಕಡೆ ಹೋಗುವವರ ಕೈಯಲ್ಲೇ ಕಳಿಸಬೇಕು.

ಖಾನಾಪುರದಿಂದ ಆಚೆಗಿರುವ ಗುಂಜಿ ಸ್ಟೇಶನ್ನಿನಲ್ಲಿ ಸಿಗ್ನಲ್ಲಿನ ದೀಪ ಹಚ್ಚುವ ಪರಸು ಎಂಬವನಿದ್ದ. ವಾರಕ್ಕೊಮ್ಮೆ ಸಂತೆಗೆಂದು ಬೆಳಗಾವಿಗೆ ಬರುತ್ತಿದ್ದ. ಹೋಗುವಾಗ ಅಪ್ಪನಿಂದ ಅರ್ಧ ನೋಟು ತೆಗೆದುಕೊಂಡು ಪೇಟದ ಸುತ್ತಿನಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದ. ಗಾಡಿ ಖಾನಾಪುರದಲ್ಲಿ ನಿಂತಾಗ ಅತ್ಯಾ ಫಲಾಟಿನ ಮೇಲೆ ಹಾಜರಿರುತ್ತಿದ್ದಳು. ಮುಟ್ಟಿತೆಂದು ತಿಳಿಸಲು ಕಾರ್ಡು ಬರೆಯಬೇಕಲ್ಲ, ಅರ್ಧಾಣೆ? ಅದಕ್ಕೂ ಅತ್ಯಾ ಉಪಾಯ ಮಾಡಿದ್ದಳು. ಮುಂದಿನ ವಾರ ಪರಸು ಬರುವಾಗ ಅವನ ಕೈಯಲ್ಲಿ ತನ್ನ ಹಿತ್ತಲಿನ ನಿಂಬೆಹಣ್ಣು ಕಳಿಸುತ್ತಿದ್ದಳು. ಒಂದು ನಿಂಬೆಹಣ್ಣು ಬಂದರೆ "ಮುಟ್ಟಿತು, ಇನ್ನರ್ಧ ಕಳಿಸು" ಎಂದರ್ಥ. ಎರಡು ಬಂದರೆ "ಮುಟ್ಟಿತು, ಇನ್ನರ್ಧ ನಿನ್ನ ಹತ್ತಿರವೇ ಇರಲಿ" ಎಂದರ್ಥ.

ಆ ಎರಡು ನಿಂಬೆಹಣ್ಣೇ ಅತ್ಯಾಳ ಬ್ಯಾಂಕು. ಹೊಟ್ಟೆಬಟ್ಟೆ ಕಟ್ಟಿ ಒಂದು ನೋಟು ಉಳಿಸಬಹುದು ಎನಿಸಿದಾಗ ಆಕೆ ತನ್ನ ಅರ್ಧವನ್ನು ಅಕ್ಕಿಯ ಡಬ್ಬಿಯ ತಳದಲ್ಲಿ ಇಡುತ್ತಿದ್ದಳು, ಅದರ ಜೋಡಿ ಬೆಳಗಾವಿಯಲ್ಲಿ ಅಪ್ಪನ ಟ್ರಂಕಿನಲ್ಲಿ ಕೂತಿರುತ್ತಿತ್ತು. ಕಳ್ಳ ಬಂದರೆ ಎರಡೂರು ತಿರುಗಬೇಕು. ಕಳ್ಳನಿಗಿಂತ ದೊಡ್ಡ ಭಯ ಸಾಲ ಕೇಳುವ ಬಂಧುಗಳದ್ದು. ಆಕೆಯ ಮೈದುನ ಒಮ್ಮೆ ಹಲ್ಲು ಕಿರಿದುಕೊಂಡು ಬಂದು, "ವೈನಿ, ಹತ್ತು ರೂಪಾಯಿ ಅದಾವೇನ್ರಿ? ಸುಗ್ಗಿಗೆ ಕೊಡ್ತೀನಿ," ಎಂದನಂತೆ. "ಅದಾವಪ್ಪ, ಇಲ್ಲಂದ್ರ ಪಾಪ ಬರತೈತಿ. ತಗೋ," ಎಂದು ಅತ್ಯಾ ಅರ್ಧ ನೋಟನ್ನು ಕೈಗಿಟ್ಟಳು. ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ವಾಪಸು ಕೊಟ್ಟು, ಮತ್ತೆಂದೂ ಕೇಳಲಿಲ್ಲ.

ಈ ಬ್ಯಾಂಕು ಒಂದೇ ಸಲ ಮುಳುಗಿದ್ದುಂಟು. ಬೇಸಿಗೆಯ ಒಂದು ದಿನ ಪರಸು ಎರಡು ನಿಂಬೆಹಣ್ಣು ತೆಗೆದುಕೊಂಡು ಹೊರಟವನು, ದೇಸೂರಿನಲ್ಲಿ ಗಾಡಿ ಬಹಳ ಹೊತ್ತು ನಿಂತದ್ದರಿಂದ ಬಾಯಾರಿ, ಒಂದನ್ನು ಹಿಂಡಿ ಶರಬತ್ತು ಮಾಡಿಕೊಂಡು ಕುಡಿದ. ನಮ್ಮ ಮನೆಗೆ ಮುಟ್ಟಿದ್ದು ಒಂದೇ ಹಣ್ಣು. ಅಪ್ಪ ಇನ್ನರ್ಧವನ್ನು ಕೂಡಲೇ ಕಳಿಸಿಬಿಟ್ಟ. ಇಡೀ ನೋಟು ಕೈಗೆ ಬಂದದ್ದೇ ತಡ, ಅದು ನಿಲ್ಲಲಿಲ್ಲ, ಹಂಚು ಹೊದಿಸಲು ಖರ್ಚಾಗಿ ಹೋಯಿತು. "ನನ್ನ ಹತ್ತು ರೂಪಾಯಿ ಶರಬತ್ತು ಮಾಡಿ ಕುಡದಿ, ತಂಪಾತೇನೋ?" ಎಂದು ಅತ್ಯಾ ಫಲಾಟಿನ ಮೇಲೆ ಪರಸುವಿನ ಬೆವರಿಳಿಸಿದಳಂತೆ. ಅವನಿಗೆ ತಾನು ಮಾಡಿದ ತಪ್ಪೇನೆಂದು ಕೊನೆಯವರೆಗೂ ತಿಳಿಯಲಿಲ್ಲ.

ಅತ್ಯಾ ಯಾಕೆ ಉಳಿಸುತ್ತಿದ್ದಾಳೆಂದು ನಮಗಾರಿಗೂ ಗೊತ್ತಿರಲಿಲ್ಲ. ತೀರ್ಥಯಾತ್ರೆಗೆ ಇರಬೇಕೆಂದು ಅವ್ವ, ಸಾಯುವ ಕಾಲಕ್ಕೆ ಇರಬೇಕೆಂದು ಅಪ್ಪ. ನಾನು ಆಗ ಹನ್ನೆರಡರವಳು, ಇಂಗ್ಲಿಷ್ ಅಂಕಿ ಓದಲು ಬರುತ್ತದೆಂದು ನೆಲದ ಮೇಲೆ ಕಾಲಿಡದವಳು. ನನ್ನ ಮದುವೆಯ ಸರಕ್ಕೇ ಇರಬೇಕೆಂದು ನನಗೆ ಖಾತ್ರಿಯಿತ್ತು.

ಒಂದು ಶನಿವಾರ ಅಪ್ಪ ಪರಸುವಿನ ಮುಂದೆ ಮಾತಿಗೆ ಮಾತು ಬಂದು ಒಂದು ಸುದ್ದಿ ಹೇಳಿದ. ಕ್ಯಾಂಪಿನಲ್ಲಿ ಪೆದ್ರು ಮಾಸ್ತರ ಎಂಬ ಗೋವಾದ ದರ್ಜಿ ಅಂಗಡಿ ಮುಚ್ಚಿ ಊರಿಗೆ ಹೊರಟಿದ್ದಾನೆ, ಸೋಮವಾರ ಸಂಜೆಯ ಗಾಡಿಗೆ. ಕಾಲಿನಿಂದ ತುಳಿಯುವ ಹೊಲಿಗೆ ಮಶೀನು ನೂರಿಪ್ಪತ್ತು ರೂಪಾಯಿಗೆ ಮಾರುತ್ತಾನಂತೆ. ಅಪ್ಪನಿಗೆ ಮಶೀನಿನ ಬೆಲೆ ಕೇಳಿ ಆಶ್ಚರ್ಯವಾಗಿತ್ತು, ಅಷ್ಟೇ. ಪರಸು ಆ ಆಶ್ಚರ್ಯವನ್ನು ಖಾನಾಪುರಕ್ಕೆ ಮುಟ್ಟಿಸಿದ.

ಸೋಮವಾರ ಬೆಳಗಿನ ಗಾಡಿಗೆ ಅತ್ಯಾ ಬಂದಿಳಿದಳು. ಬಗಲಲ್ಲಿ ಅಕ್ಕಿಯ ಡಬ್ಬಿ. ಚಪ್ಪಲಿಯನ್ನೂ ಬಿಡದೆ ಹೇಳಿದಳು, "ತಮ್ಮಾ, ಟ್ರಂಕ್ ತಗೀ. ನಾ ಮಶೀನ್ ತಗೋಳಾಕಿ."

ಅಪ್ಪನ ಕನ್ನಡಕ ಮೂಗಿನಿಂದ ಜಾರಿತು. "ಮಶೀನಾ? ಅದನ್ನ ತಗೊಂಡು ಏನ ಮಾಡ್ತಿ?"

"ಹಪ್ಪಳಾ ಒಣಗಸ್ತೀನಿ. ಏನ ಮಾಡ್ತಿ ಅಂತ ಕೇಳ್ತಾನ! ಹೊಲೀತೀನೋ."

"ಮಂದಿ ಅರಿವಿ ಹೊಲಿಯೂದಾ? ಕಾರಕೂನನ ಅಕ್ಕ ಮಂದಿ ಝಂಪರ ಹೊಲೀತಾಳ ಅಂದ್ರ ಊರಾಗ ಏನಂತಾರ? ನಾ ಏನ್ ಕಡಿಮಿ ಮಾಡೀನಿ ನಿನಗ?"

ಅತ್ಯಾಳ ನಗು ನಿಂತಿತು. ಆಕೆ ನಗದೆ ಇರುವುದನ್ನು ನಾನು ಅಂದೇ ಮೊದಲು ಕಂಡೆ.

"ನೀ ಏನೂ ಕಡಿಮಿ ಮಾಡಿಲ್ಲ ತಮ್ಮಾ. ಅದ ನೋಡು ನನ್ನ ಸಂಕಟ. ನಿನಗ ಮೂರು ಮಕ್ಕಳು, ನಲವತ್ತು ರೂಪಾಯಿ ಪಗಾರ. ನಿನ್ನ ಹೆಣ್ತಿ ಸೀರಿ ಸೆರಗಿಗೆ ಎಷ್ಟು ತ್ಯಾಪಿ ಅದಾವು ನಾ ಕಂಡೀನಿ, ಎಣಿಸೀನಿ. ಹದಿನೆಂಟು ವರ್ಷಾತು, ನಿನ್ನ ನೋಟು ಕೈಯಾಗ ಹಿಡದಾಗೊಮ್ಮೆ ನನಗ ನಾಚಿಕಿ ಬರತೈತಿ. ಇನ್ನ ನನ್ನ ಕಾಲ ಮ್ಯಾಲೆ ನಾ ನಿಂದ್ರತೀನಿ. ಮಂದಿ ಏನಂತಾರ ಅನ್ನೂದು ಮಂದಿ ಕೆಲಸ, ಅವರ ಕೆಲಸ ನೀ ಯಾಕ ಮಾಡ್ತಿ?"

ಒಳಗಿನಿಂದ ಅವ್ವ ಬಂದು ಟ್ರಂಕು ಎಳೆದು ಅತ್ಯಾಳ ಮುಂದಿಟ್ಟಳು. ಅಪ್ಪ ಅವ್ವನ ಮುಖ ನೋಡಿದ, ಅತ್ಯಾಳ ಮುಖ ನೋಡಿದ, ಕಚೇರಿಗೆ ರಜೆಯ ಚೀಟಿ ಬರೆಯಲು ಕೂತ.

ಆಮೇಲೆ ನಮ್ಮ ಪಡಸಾಲೆಯಲ್ಲಿ ನಡೆದದ್ದು ಸಾಮೂಹಿಕ ವಿವಾಹ. ಅಕ್ಕಿಯ ಡಬ್ಬಿಯಿಂದ ಹನ್ನೆರಡು ಅರ್ಧ, ಟ್ರಂಕಿನಿಂದ ಹನ್ನೆರಡು ಅರ್ಧ. ಚಾಪೆಯ ಈ ಕಡೆ ಗಂಡಿನವರು, ಆ ಕಡೆ ಹೆಣ್ಣಿನವರು. ಅವ್ವ ಮೈದಾಹಿಟ್ಟಿನ ಅಂಟು ಕಾಯಿಸಿ ತಂದಳು. ಅತ್ಯಾ ತನ್ನ ಕಡೆಯ ತುಂಡುಗಳನ್ನು ಒಂದೊಂದಾಗಿ ಎತ್ತಿ ಹೇಳುತ್ತಿದ್ದಳು: "ಇದು ನೋಡು, ಇಡೀ ಚಳಿಗಾಲ ಬೆಲ್ಲಾ ಬಿಟ್ಟು ಉಳಿಸಿದ್ದು. ಇದು ಕಾಲುಂಗುರಾ ಮಾರಿದಾಗಿಂದು. ಇದು ನಿಮ್ಮಪ್ಪ ಕಳಸಿದಾಗ ನನಗ ಜ್ವರ ಇತ್ತು, ಔಷಧ ತರಲಿಲ್ಲ, ಕಷಾಯದಾಗ ಗೆದ್ದೆ." ಯಾವ ತುಂಡಿಗೆ ಯಾವ ಕಥೆ ಎಂದು ಆಕೆ ಹೇಗೆ ಗುರುತು ಹಿಡಿಯುತ್ತಿದ್ದಳೋ ನಾ ಕಾಣೆ. ನಡುನಡುವೆ ಸೋಬಾನೆಯ ಧಾಟಿಯಲ್ಲಿ ಗುನುಗುತ್ತಿದ್ದಳು. ತಮ್ಮಂದಿರಿಬ್ಬರೂ ಕಂಚಿನ ತಟ್ಟೆ ಬಾರಿಸಿದರು. ಅಪ್ಪ ಸಿಡುಕುವ ಮುಖ ಮಾಡಿಕೊಂಡೇ ಕಾಗದದ ಪಟ್ಟಿ ಕತ್ತರಿಸಿ ಕೊಟ್ಟ.

ನಂಬರು ಹೊಂದಿಸುವ ಕೆಲಸ ನನ್ನದು. ಅಪ್ಪ "ನಂಬರ್ ಪೂರಾ ಓದು" ಎಂದು ಎರಡು ಸಲ ಹೇಳಿದ. ನಾನೋ ಮಹಾ ಜಾಣೆ! ಮೊದಲ ಆರೇಳನ್ನು ನಂಬರು ನೋಡಿ ಹೊಂದಿಸಿದೆ. ಆಮೇಲೆ ಪೂರ್ತಿ ಓದುವುದೇಕೆ, ಅಪ್ಪ ಓರೆಕೋರೆಯಾಗಿ ಕತ್ತರಿಸಿದ ಅಂಚುಗಳು ಒಂದಕ್ಕೊಂದು ಕೂಡಿದರಾಯಿತು ಎಂದು ಸರಸರನೆ ಅಂಟಿಸಿದೆ. ಹನ್ನೆರಡು ನೋಟು ಹಗ್ಗದ ಮೇಲೆ ಒಣಗಿದವು.

ಪೆದ್ರು ಮಾಸ್ತರ ಕ್ಯಾಂಪಿನ ತನ್ನ ಅಂಗಡಿಯಲ್ಲಿ ಸಾಮಾನು ಕಟ್ಟುತ್ತಿದ್ದ. ಮಶೀನನ್ನು ನೋಡಿ ಅತ್ಯಾ ಅದರ ಚಕ್ರದ ಮೇಲೆ ಮೆಲ್ಲಗೆ ಕೈಯಾಡಿಸಿದಳು. ಅವನು ಮಾತ್ರ ನಮ್ಮ ನೋಟುಗಳನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದ.

"ಇಲ್ಲ ಬಾಯಿ. ನಮ್ಮ ಗೋವಾ ಬ್ಯಾರೆ ಸರಕಾರದ್ದು, ಅಲ್ಲಿ ನಿಮ್ಮ ಇಡೀ ನೋಟಿಗೇ ಮಂದಿ ಮಾರಿ ಸಣ್ಣ ಮಾಡ್ತಾರ. ಇಂಥಾ ತ್ಯಾಪಿ ನೋಟು ಒಯ್ದರ ನನ್ನ ಹೆಣ್ತಿ ಬಾಗಲಾ ತಗಿಯಂಗಿಲ್ಲ. ಬೆಳ್ಳಿ ರೂಪಾಯಿ ತರ್ರಿ. ಸಂಜಿ ಗಾಡಿ ಬರೂತನಕಾ ಕಾಯ್ತೀನಿ. ಖಡೇಬಜಾರದ ಶಿಂಪಿ ನೂರಾ ಹತ್ತೊಂಬತ್ತಕ್ಕ ತಯಾರ್ ಕುಂತಾನ, ಅವಗೂ ಹೇಳೀನಿ."

ಹಚ್ಚಿದ ನೋಟುಗಳನ್ನು ಸರಕಾರದ ಖಜಾನೆಯಲ್ಲಿ ಪುಕ್ಕಟೆ ಬದಲಿಸಿಕೊಡುತ್ತಾರೆ ಎಂದ ಅಪ್ಪ. ಅರ್ಜಿ ಬರೆದು, ಅದು ಮುಂಬಯಿಗೆ ಹೋಗಿ, ಬರಲು ಎರಡು ತಿಂಗಳು. ನಮ್ಮ ಕೈಯಲ್ಲಿದ್ದದ್ದು ಅರ್ಧ ದಿನ. ಹೀಗಾಗಿ ಟಾಂಗಾ ಮಾಡಿಕೊಂಡು ರವಿವಾರಪೇಟೆಯ ರಾಚಪ್ಪ ಸಾವಕಾರನ ಗಾದಿಗೆ ಹೋದೆವು. ಹರಿದ ನೋಟು, ಸವೆದ ರೂಪಾಯಿ ಬದಲಿಸಿಕೊಡುವುದೇ ಅವನ ದಂಧೆ. ಬದಲಿಸಿದ್ದಕ್ಕೆ ಒಂದಿಷ್ಟು ಮುರಿದುಕೊಳ್ಳುತ್ತಿದ್ದ, ಅದಕ್ಕೆ ವಟಾವ ಎನ್ನುತ್ತಿದ್ದರು.

ಸಾವಕಾರ ಒಂದೊಂದೇ ನೋಟನ್ನು ಬೆಳಕಿಗೆ ಹಿಡಿದು ನೋಡುತ್ತ ಬಂದ. ಒಂಬತ್ತನೆಯದಕ್ಕೆ ನಿಂತ. ಹತ್ತನೆಯದನ್ನೂ ಬೇರೆ ಇಟ್ಟ.

"ಇವೆರಡರ ಲಗ್ನಾ ಯಾರು ಮಾಡಿದ್ರಿ?"

ಎಲ್ಲರೂ ನನ್ನ ಕಡೆ ನೋಡಿದರು.

"ತಂಗಿ, ಮಂದಿ ಲಗ್ನಕ್ಕ ಗೋತ್ರಾ ಬ್ಯಾರೆ ಇರಬೇಕು, ನೋಟಿನ ಲಗ್ನಕ್ಕ ಒಂದ ಇರಬೇಕು. ಇದರ ಗಂಡ ಅಲ್ಲಿ, ಅದರ ಹೆಣ್ತಿ ಇಲ್ಲಿ. ಬಿಡಿಸ್ಕೊಂಡು ಬಾ."

ಭೂಮಿ ಬಾಯಿ ತೆರೆದಿದ್ದರೆ ಇಳಿದುಬಿಡುತ್ತಿದ್ದೆ. ಬಾಜೂಕಿನ ಚಹಾದಂಗಡಿಯ ಕಿಟಲಿಯ ಉಗಿಗೆ ಆ ಎರಡು ನೋಟು ಹಿಡಿದು, ಅವ್ವನ ಗಟ್ಟಿ ಅಂಟನ್ನು ಮೆತ್ತಗೆ ಮಾಡಿ, ಉಸಿರು ಬಿಗಿಹಿಡಿದು ಬಿಡಿಸಿದೆ. ಬೆರಳು ಸುಟ್ಟವು. ಪಕ್ಕದಲ್ಲಿ ನಿಂತ ಅತ್ಯಾ ಬೈಯುತ್ತಾಳೆಂದುಕೊಂಡಿದ್ದೆ. ಆಕೆ ನನ್ನ ಬೆರಳಿಗೆ ಊದಿ, "ಚಿಂತಿಲ್ಲವ್ವ, ಸೋಡಚೀಟಿ ಕೊಡಿಸಿ ಗಂಡ ಹೆಣ್ತಿನ್ನ ಬಿಡಿಸಿದ್ವಿ, ಉಡಕಿ ಅಂತ ಎರಡನೇ ಲಗ್ನಾ ಮಾಡಿದ್ವಿ ಅಷ್ಟ," ಎಂದು ಬಿದ್ದು ಬಿದ್ದು ನಕ್ಕಳು. ಈ ಸಲ ನಂಬರನ್ನು ಮೂರು ಸಲ ಓದಿದೆ.

ಮರಳಿ ಬಂದಾಗ ಸಾವಕಾರ ಲೆಕ್ಕ ಹೇಳಿದ: ರೂಪಾಯಿಗೆ ಅರ್ಧಾಣೆ ವಟಾವ. ನೂರಿಪ್ಪತ್ತಕ್ಕೆ ಮೂರು ರೂಪಾಯಿ ಹನ್ನೆರಡಾಣೆ.

ಕೈಗೆ ಬಂದ ತುತ್ತು ಬಾಯಿಗೆ ಬರದಂತಾಯಿತು. ನೂರಾ ಹದಿನಾರು ಚಿಲ್ಲರೆಗೆ ಪೆದ್ರು ಮಾಸ್ತರ ಮಶೀನು ಕೊಡುವವನಲ್ಲ. ತಿಂಗಳ ಕೊನೆ, ಅಪ್ಪನ ಕಿಸೆಯಲ್ಲಿ ಟಾಂಗಾದ ಬಾಡಿಗೆ ಬಿಟ್ಟರೆ ಏನಿಲ್ಲ. ಕಚೇರಿಯ ಗೆಳೆಯರಲ್ಲಿ ಕೈಗಡ ತರುತ್ತೇನೆ ಎಂದು ಎದ್ದವನನ್ನು ಅತ್ಯಾ ಅಂಗಿಯ ಚುಂಗು ಹಿಡಿದು ಕೂರಿಸಿದಳು.

"ನಿನ್ನ ಋಣಾ ಕಳಕೊಳ್ಳಾಕ ಬಂದಾಕಿಗೆ ಮತ್ತ ನಿನ್ನ ರೊಕ್ಕ ಹಚ್ಚತೀಯೇನು? ಬ್ಯಾಡ."

ಅಪ್ಪನಿಗೆ ತಡೆಯಲಾಗಲಿಲ್ಲ. "ಅಕ್ಕಾ, ಸಿಟ್ಟಾಗಬ್ಯಾಡ. ಹನ್ನೆರಡು ನೋಟಿಗೆ ಮನಿಆರ್ಡರ್ ಕಮಿಶನ್ ಎಷ್ಟಾಗ್ತಿತ್ತು? ಇಪ್ಪತ್ನಾಕಾಣಿ, ದೀಡ ರೂಪಾಯಿ. ಅದನ್ನ ಉಳಸಾಕ ಹೋಗಿ ಈಗ ಮೂರು ರೂಪಾಯಿ ಹನ್ನೆರಡಾಣಿ ಕೊಡಾಕತ್ತೀವಿ."

"ಅದು ನಿಮ್ಮ ಕಚೇರಿ ಲೆಕ್ಕ. ಎರಡಾಣಿ ಕೊಟ್ಟು ಇಡೀ ನೋಟು ತರಿಸಿದ್ದರ ಹನ್ನೆರಡರಾಗ ಒಂದರ ಉಳೀತಿತ್ತೇನು? ಅರ್ಧಾ ಇದ್ದಿದ್ದಕ್ಕ ಉಳದಾವು," ಎಂದಳು ಅತ್ಯಾ. ಆಮೇಲೆ ಆಕೆ ಸಾವಕಾರನ ಕಡೆ ತಿರುಗಿದಳು. "ಸಾವಕಾರ್ರ, ವಟಾವ ಕೊಡಬೇಕಾದ್ದು ಖರೇ. ನಿಮ್ಮ ದಂಧೆ, ನೀವು ಬಿಡ್ರಿ ಅಂತ ನಾ ಕೇಳಂಗಿಲ್ಲ. ಆದರ ರೊಕ್ಕದಾಗ ಕೊಡಾಕ ಆಗಂಗಿಲ್ಲ. ಕೆಲಸದಾಗ ಕೊಡ್ತೀನಿ. ಝಂಪರಿಗೆ ಆರಾಣಿ ಹೊಲಿಗಿ. ಹತ್ತು ಝಂಪರ ಹೊಲದು ಕೊಟ್ಟರ ಮೂರು ರೂಪಾಯಿ ಹನ್ನೆರಡಾಣಿ ಬರೋಬ್ಬರಿ ಆಗ್ತೈತಿ."

ಅಪ್ಪ ಬಾಯಿ ತೆರೆದುಕೊಂಡು ನೋಡಿದ. ಲೆಕ್ಕ ಒಂದು ಪೈಯೂ ತಪ್ಪಿರಲಿಲ್ಲ.

ಸಾವಕಾರ ಹೊಟ್ಟೆ ಕುಲುಕಿಸಿ ನಕ್ಕ. "ಮಶೀನ್ ಇನ್ನೂ ಪರರ ಮನ್ಯಾಗ ಐತಿ, ಝಂಪರ ಇಲ್ಲಿ ಮಾರಾಕತ್ತೀರಿ! ವಟಾವದ ಬದ್ಲಿ ಝಂಪರಾ ಅಂತ ನಮ್ಮಪ್ಪನ ಕಾಲದಿಂದ ನಾ ಕೇಳಿಲ್ಲ ಅಕ್ಕಾರ."

"ಕೇಳಿಲ್ಲ ಅಂದ್ರ ಈಗ ಕೇಳ್ರಿ," ಎಂಬ ದನಿ ಒಳಗಿನ ಪರದೆಯ ಹಿಂದಿನಿಂದ ಬಂತು. ಹಿಂದೆಯೇ ಸಾವಕಾರನ ಹೆಂಡತಿ ಬಂದಳು, ಮೈತುಂಬ ಬಂಗಾರ, ಕಣ್ತುಂಬ ಕುತೂಹಲ. "ಮಗಳ ಲಗ್ನಾ ತಿಂಗಳಿಗೆ ಬಂದೈತಿ. ಶಿಂಪಿ ಮೂರು ಸಲ ಇವತ್ತು ನಾಳೆ ಅಂದಾನ. ನಿಮ್ಮ ಕೈ ಹೊಲಿಗಿ ಹೆಂಗೈತಿ ತೋರಸ್ರಿ, ನೋಡೂಣು."

ತೋರಿಸಲು ಏನಿತ್ತು? ಅತ್ಯಾ ಕೈಯಿಂದ ಹೊಲಿದು ಕೊಟ್ಟ ಪೋಲಕ ನನ್ನ ಮೈಮೇಲಿತ್ತು. ಆಕೆ ನನ್ನನ್ನು ಹಿಡಿದೆಳೆದು ಸಾವಕಾರ್ತಿಯ ಮುಂದೆ ಬೆನ್ನು ಮಾಡಿ ನಿಲ್ಲಿಸಿದಳು. ಇಬ್ಬರೂ ಸೇರಿ ನನ್ನ ಕೊರಳಪಟ್ಟಿಯನ್ನು ಮಗುಚಿ, ತೋಳನ್ನು ಒಳಗು ಹೊರಗು ಮಾಡಿ, ಕಂಕುಳ ಹೊಲಿಗೆಯನ್ನು ಎಳೆದು ನೋಡಿದರು. ಇಂಗ್ಲಿಷ್ ಅಂಕಿ ಬರುವ ಪಂಡಿತೆ ಕಣ್ಣುಮುಚ್ಚಿ ನಿಂತಿದ್ದೆ. ಸಾವಕಾರ ಮರ್ಯಾದೆಯಿಂದ ತಿಜೋರಿಯ ಕಡೆ ಮುಖ ಮಾಡಿದ.

"ಅಯ್ಯ, ಇಷ್ಟು ಸಣ್ಣ ಹೊಲಿಗಿ ಕೈಲೆ ಹಾಕೀರಿ?" ಎಂದಳು ಸಾವಕಾರ್ತಿ. "ರೀ, ಇವರಿಗೆ ಬೆಳ್ಳಿ ರೂಪಾಯಿ ಎಣಿಸಿ ಕೊಡ್ರಿ. ಪೂರಾ ನೂರಿಪ್ಪತ್ತು."

"ವಟಾವ?"

"ವಟಾವ ನಾ ಉಟ್ಕೋತೀನಿ, ತೊಟ್ಕೋತೀನಿ. ನೀವು ಎಣಸ್ರಿ."

ಸಾವಕಾರ ಒಂದೊಂದೇ ರೂಪಾಯಿಯನ್ನು ಕಲ್ಲಿನ ಮೇಲೆ ಹಾಕಿ ಠಣ್ ಎನ್ನಿಸಿ ಎಣಿಸಿದ. ಅತ್ಯಾ ಸೆರಗಿನಲ್ಲಿ ಕಟ್ಟಿಕೊಂಡಳು. ಭಾರಕ್ಕೆ ಸೊಂಟ ಒಂದು ಕಡೆ ವಾಲಿತು. ಹತ್ತು ಝಂಪರಿನ ಬಟ್ಟೆಯ ಗಂಟು ಅಪ್ಪನ ತಲೆಯ ಮೇಲೆ ಬಂತು. ಕಾರಕೂನ ಸಾಹೇಬರು ಮಂದಿಯ ಝಂಪರು ಹೊತ್ತುಕೊಂಡು ಪೇಟೆಯ ನಟ್ಟನಡುವೆ ನಡೆದದ್ದನ್ನು ನಾನು ಈ ಕಣ್ಣಿನಿಂದ ನೋಡಿದ್ದೇನೆ. ಯಾರೂ ಏನೂ ಅನ್ನಲಿಲ್ಲ.

ಮಶೀನು, ಪೆದ್ರು ಮಾಸ್ತರ, ಅತ್ಯಾ ಮೂವರೂ ಅದೇ ಸಂಜೆಯ ಗಾಡಿಗೆ ಹೊರಟರು. ಗೋವಾದ ಗಾಡಿ ಖಾನಾಪುರದ ಮೇಲೇ ಹೋಗಬೇಕಲ್ಲ. ಹೊತ್ತು ಮುಳುಗುವುದರೊಳಗೆ ಊಟ ಮುಗಿಸಬೇಕಾದ ಜೈನ ಮಂದಿ ನಾವು. ಅವ್ವ ಕಟ್ಟಿ ತಂದಿದ್ದ ರೊಟ್ಟಿಯನ್ನು ಅತ್ಯಾ ಮಶೀನಿನ ಹಲಗೆಯ ಮೇಲೆಯೇ ಹರವಿಕೊಂಡು, ಪೆದ್ರುವಿಗೂ ಕೊಟ್ಟು, ತಿಂದಳು. ಗಾಡಿ ಬಿಡುವ ಹೊತ್ತಿಗೆ ಪೆದ್ರು ದಾರ ಪೋಣಿಸುವುದು ಹೇಗೆಂದು ಹೇಳಿಕೊಡಲು ಸುರುಮಾಡಿದ್ದ. ದೇಸೂರಿಗೆ ದಾರ ಪೋಣಿಸಲು ಬಂತಂತೆ, ಇದಲಹೊಂಡಕ್ಕೆ ಕಾಲು ಕೂಡಿತಂತೆ, ಖಾನಾಪುರ ಬಂದಾಗ ರೈಲುಡಬ್ಬಿಯಲ್ಲಿದ್ದ ಒಬ್ಬ ಮುದುಕನ ಹರಿದ ಟೊಪ್ಪಿಗೆ ಹೊಲಿದು ಮುಗಿದಿತ್ತಂತೆ. ಇಳಿಯುವಾಗ ಪೆದ್ರು ಕಣ್ಣಲ್ಲಿ ನೀರು ತಂದುಕೊಂಡು, "ಎಣ್ಣಿ ಬಿಡೂದು ಮರೀಬ್ಯಾಡ್ರಿ ಬಾಯಿ," ಎಂದನೆಂದು ಅತ್ಯಾ ಹೇಳುತ್ತಿದ್ದಳು. ಹೇಳುವಾಗ ಅವನ ಅಳುವಿನ ಅಣಕ ಮಾಡದೆ ಬಿಡುತ್ತಿರಲಿಲ್ಲ.

ಸಾವಕಾರನ ಹತ್ತು ಝಂಪರು ಮುಟ್ಟಿದವು. ಅಪ್ಪ ಎಂದಿನಂತೆ ಎರಡು ತಿಂಗಳಿಗೆ ಅರ್ಧ ನೋಟು ಕಳಿಸಿದ, ಪರಸು ಅದನ್ನು ಹಾಗೆಯೇ ಮರಳಿ ತಂದುಕೊಟ್ಟ, ನಿಂಬೆಹಣ್ಣು ಬರಲಿಲ್ಲ. ಅಕ್ಕನಿಗೆ ಸಿಟ್ಟು ಬಂದಿದೆಯೆಂದು ಅಪ್ಪ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಖಾನಾಪುರಕ್ಕೆ ಹೋಗಿ ನೋಡಿಕೊಂಡು ಬರಬೇಕೆಂದು ಹೇಳುತ್ತಿದ್ದ. ಅಷ್ಟರಲ್ಲಿ, ದೀಪಾವಳಿಗೆ ಎಂಟು ದಿನ ಇರುವಾಗ, ಟಪಾಲಿನವ ನಮ್ಮ ಮನೆಯ ಮುಂದೆ ನಿಂತು ಅಪ್ಪನ ಪೂರ್ತಿ ಹೆಸರು ಕೂಗಿದ.

"ಮನಿಆರ್ಡರ್ ಬಂದೈತ್ರಿ."

"ನಮಗಾ? ತಪ್ಪಿ ಬಂದಿರಬೇಕು ನೋಡಪ್ಪ. ನಮ್ಮ ಮನಿಗೆ ಯಾರು ರೊಕ್ಕ ಕಳಸ್ತಾರ?"

"ಖಾನಾಪುರದಿಂದರಿ. ಹತ್ತು ರೂಪಾಯಿ."

ಅಪ್ಪ ಎದ್ದು ನಿಂತ. ಸಹಿ ಮಾಡಿ, ಮನಿಆರ್ಡರಿನ ಕೆಳಗಿನ ಚೀಟಿಯನ್ನು ಹರಿದುಕೊಂಡು, ದೊಡ್ಡ ದೊಡ್ಡ ಅಕ್ಷರಗಳಲ್ಲಿ ಅತ್ಯಾ ತಾನೇ ಬರೆದದ್ದನ್ನು ಗಟ್ಟಿಯಾಗಿ ಓದತೊಡಗಿದ. "ತಮ್ಮಾ, ಎರಡಾಣಿ ಕಮಿಶನ್ ಕೊಟ್ಟು ಕಳಿಸೀನಿ. ಬೈಯಬ್ಯಾಡ. ಇದು ನನ್ನ ಕೈದುಡಿಮಿ ರೊಕ್ಕ. ಇದಕ್ಕ ಕತ್ತರಿ ಹಚ್ಚಾಕ ನನಗ..." ಅಲ್ಲಿಗೆ ಅಪ್ಪ ಚೀಟಿಯನ್ನು ಕೆಳಗಿಳಿಸಿದ. ಅವ್ವ ಅವನ ಕೈಯಿಂದ ಚೀಟಿ ತೆಗೆದುಕೊಂಡು ನನಗೆ ಕೊಟ್ಟಳು. ನಾನು ಓದಿದೆ: "...ಮನಸ್ಸು ಬರಲಿಲ್ಲ. ನಿನ್ನ ಹೆಣ್ತಿಗೆ ಒಂದು ಸೀರಿ ತಗೋ. ತ್ಯಾಪಿ ಹಚ್ಚಿದ್ದು ಸಾಕು."

ಅಪ್ಪ ಆ ಕಡೆ ಮುಖ ಮಾಡಿ ಕನ್ನಡಕ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. ಆಮೇಲೆ ಕಿಸೆಗೆ ಕೈ ಹಾಕಿ ಟಪಾಲಿನವನ ಅಂಗೈಯಲ್ಲಿ ನಾಲ್ಕಾಣೆ ಇಟ್ಟ.

"ಸಾಹೇಬ್ರ, ತಪ್ಪಿ ಕೊಟ್ರೇನ್ರಿ? ನಾಕಾಣಿ ಐತಿ ಇದು," ಎಂದ ಅವನು.

"ಇರ್ಲಿ, ಇಟ್ಕೋ. ನಮ್ಮಕ್ಕ ಕಳಸ್ಯಾಳ," ಎಂದ ಅಪ್ಪ.

ಪೈ ಪೈಗೂ ಲೆಕ್ಕ ಕೇಳುವ ಅವ್ವ ಆ ಹೊತ್ತು ಕೇಳಿದ್ದು ಒಂದೇ ಮಾತು: "ಅವನ್ನ ಹಂಗ ಕಳಸಬ್ಯಾಡ್ರಿ. ಕುಂದರಸ್ರಿ, ಚಹಾ ಮಾಡ್ತೀನಿ."